ಶಾಲೆಯ ಪ್ರಗತಿ ಶ್ರೇಣಿ: ಡ್ಯಾಶ್‌ಬೋರ್ಡನ್ನು ಓದುವ ಬಗೆ

ಮಾನ್ಯ ಅಧ್ಯಕ್ಷರೆ, ಮುಂಬಯಿಯಲ್ಲಿ ಕನ್ನಡ ಶಾಲೆಗಳನ್ನು ನಡೆಸಿಕೊಂಡು ಬರುತ್ತಿರುವ ಆಡಳಿತ ಮಂಡಳಿಗಳ ಹಿರಿಯರೆ, ಶಿಕ್ಷಕ ಬಂಧುಗಳೆ, ಪಾಲಕರೆ,

ಶಾಲೆಯೊಂದು ಹೇಗೆ ನಡೆಯುತ್ತಿದೆ ಎಂಬ ಪ್ರಶ್ನೆಗೆ ಒಂದು ಕಾಲದಲ್ಲಿ ಎಸ್‌ಎಸ್‌ಸಿ ಫಲಿತಾಂಶದ ಶೇಕಡಾವಾರು ಸಂಖ್ಯೆಯೇ ಉತ್ತರವಾಗಿತ್ತು. ವಾರ್ಷಿಕ ಮಹಾಸಭೆಯಲ್ಲಿ ಕಾರ್ಯದರ್ಶಿಗಳು ಆ ಸಂಖ್ಯೆಯನ್ನು ಓದುತ್ತಿದ್ದರು. ಸಭೆ ಚಪ್ಪಾಳೆ ತಟ್ಟುತ್ತಿತ್ತು, ಇಲ್ಲವೇ ಸುಮ್ಮನಿರುತ್ತಿತ್ತು. ಈಗ ಆ ಜಾಗಕ್ಕೆ ಡ್ಯಾಶ್‌ಬೋರ್ಡ್ ಬಂದಿದೆ. ಹಸಿರು, ಹಳದಿ, ಕೆಂಪು ಬಣ್ಣಗಳು, ಮೇಲಕ್ಕೂ ಕೆಳಕ್ಕೂ ತಿರುಗಿದ ಬಾಣಗಳು, ರಾಜ್ಯಗಳ ಮತ್ತು ಜಿಲ್ಲೆಗಳ ಶ್ರೇಣಿಗಳು, ಇವೆಲ್ಲ ಒಂದೇ ಪರದೆಯಲ್ಲಿ ಸಿಗುತ್ತವೆ ಮತ್ತು ಅರ್ಧ ಗಂಟೆಯೊಳಗೆ ಸ್ಕ್ರೀನ್‌ಶಾಟ್ ಆಗಿ ಎಲ್ಲರ ವಾಟ್ಸ್‌ಆಪ್ ಗುಂಪುಗಳಿಗೂ ತಲುಪುತ್ತವೆ. ಅದನ್ನು ಓದುವ ಕ್ರಮವನ್ನು ಮಾತ್ರ ಯಾರೂ ಹೇಳಿಕೊಟ್ಟಿಲ್ಲ. ಪ್ರಗತಿ ಎಂದರೆ ಒಂದೇ ಮಗುವನ್ನು ಎರಡು ಬಾರಿ ಅಳೆದಾಗ ಕಾಣುವ ಅಂತರ. ನಮ್ಮ ಮುಂದೆ ಬರುವ ಹೆಚ್ಚಿನ ಡ್ಯಾಶ್‌ಬೋರ್ಡುಗಳಾದರೋ ಬೇರೆ ಬೇರೆ ಮಕ್ಕಳ ಎರಡು ಸರಾಸರಿಗಳನ್ನು ಅಕ್ಕಪಕ್ಕದಲ್ಲಿಟ್ಟು ಅದನ್ನೇ ಪ್ರಗತಿ ಎನ್ನುತ್ತವೆ. ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ವ್ಯತ್ಯಾಸವನ್ನು.

ಮೊದಲು ನಮ್ಮ ಕೈಯಲ್ಲಿ ಏನಿದೆ ಎಂಬುದನ್ನು ನೋಡೋಣ. ದೇಶದ ಶಾಲೆಗಳ ಮಾಹಿತಿಯನ್ನು ಕೂಡಿಡುವ ಯುಡೈಸ್ ಎಂಬ ಸರ್ಕಾರಿ ದತ್ತಾಂಶ ವ್ಯವಸ್ಥೆಯಲ್ಲಿ ಪ್ರತಿಯೊಂದು ಶಾಲೆಗೂ 11 ಅಂಕಿಗಳ ಸಂಖ್ಯೆಯಿದೆ. ಮೊದಲ ಎರಡು ಅಂಕಿಗಳು ರಾಜ್ಯದವು, ಮಹಾರಾಷ್ಟ್ರಕ್ಕೆ 27. ಆ ಸಂಖ್ಯೆಯನ್ನು ಹಾಕಿದರೆ ಮಕ್ಕಳ ದಾಖಲಾತಿ, ಶಿಕ್ಷಕರ ಸಂಖ್ಯೆ, ಶೌಚಾಲಯ, ವಿದ್ಯುತ್, ಗ್ರಂಥಾಲಯ, ಕಂಪ್ಯೂಟರ್ ಇತ್ಯಾದಿ ವಿವರಗಳು ಸಿಗುತ್ತವೆ. ಮಗು ಓದಲು ಕಲಿತಿದೆಯೇ ಎಂಬುದು ಅಲ್ಲಿ ಸಿಗುವುದಿಲ್ಲ. ಇನ್ನೊಂದು, ಕೇಂದ್ರ ಶಿಕ್ಷಣ ಸಚಿವಾಲಯದ ಪಿಜಿಐ ಎಂಬ ಸಾಧನಾ ಶ್ರೇಣಿ ಸೂಚ್ಯಂಕ. ಅದು ಅಳೆಯುವುದು ರಾಜ್ಯಗಳನ್ನು ಮತ್ತು ಜಿಲ್ಲೆಗಳನ್ನು, ಒಂದೊಂದೇ ಶಾಲೆಯನ್ನಲ್ಲ. ‘ಪಿಜಿಐಯಲ್ಲಿ ನಮ್ಮ ಶಾಲೆ ಎಷ್ಟನೆಯದು?’ ಎಂದು ಕೇಳುವ ಪಾಲಕರಿಗೆ ಅದರಲ್ಲಿ ಉತ್ತರವೇ ಇಲ್ಲ. ಶಾಲಾ ಸಿದ್ಧಿಯಂಥ ಚೌಕಟ್ಟುಗಳಿವೆ, ಆದರೆ ಅವು ಬಹುಪಾಲು ಶಾಲೆಯೇ ತನ್ನನ್ನು ತಾನು ಅಳೆದುಕೊಳ್ಳುವ ಸ್ವಮೌಲ್ಯಮಾಪನಗಳು. ಹೀಗಾಗಿ ಮಾಟುಂಗದಲ್ಲೋ ವಡಾಳದಲ್ಲೋ ಇರುವ ಒಂದು ಕನ್ನಡ ಶಾಲೆಯ ಕಲಿಕೆಯ ಪ್ರಗತಿಯನ್ನು ತೋರಿಸುವ ಸಿದ್ಧ ಪರದೆ ಎಲ್ಲಿಯೂ ಇಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು.

ಈಗ ಒಂದು ಲೆಕ್ಕ. ಇದು ಊಹೆಯ ಶಾಲೆ, ಆದರೆ ಇದರ ಪರಿಸ್ಥಿತಿ ಇಲ್ಲಿರುವ ಶಿಕ್ಷಕರಿಗೆ ಹೊಸದೇನೂ ಅಲ್ಲ. ಕಳೆದ ವರ್ಷ ನಾಲ್ಕನೆಯ ತರಗತಿಯಲ್ಲಿ 20 ಮಕ್ಕಳಿದ್ದರು, ಅವರ ಗಣಿತದ ಸರಾಸರಿ 62. ರಜೆಯಲ್ಲಿ ಆರು ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಹೋಗುವವರು ಸಾಮಾನ್ಯವಾಗಿ ಚೆನ್ನಾಗಿ ಓದುವವರೇ ಆಗಿರುತ್ತಾರೆ, ಅವರ ಸರಾಸರಿ 76 ಇತ್ತು. ಹಾಗಾದರೆ ಉಳಿದ 14 ಮಕ್ಕಳ ಸರಾಸರಿ 56. ಜೂನ್ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳ ಎಂಟು ಮಕ್ಕಳು ಐದನೆಯ ತರಗತಿಗೆ ಸೇರಿದರು. ಸೇರಿದಾಗ ಅವರ ಸರಾಸರಿ 40. ವರ್ಷವಿಡೀ ಶಿಕ್ಷಕಿ ದುಡಿದರು. ಮಾರ್ಚ್ ಹೊತ್ತಿಗೆ ಹಳೆಯ 14 ಮಕ್ಕಳ ಸರಾಸರಿ 56ರಿಂದ 61ಕ್ಕೆ ಏರಿತು, ಹೊಸ ಎಂಟು ಮಕ್ಕಳದು 40ರಿಂದ 49ಕ್ಕೆ. ಎರಡೂ ಗುಂಪುಗಳು ಮೇಲೇರಿದವು. ಆದರೆ ಇಡೀ ತರಗತಿಯ 22 ಮಕ್ಕಳ ಸರಾಸರಿ ತೆಗೆದರೆ ಬರುವುದು ಸುಮಾರು 57. ಡ್ಯಾಶ್‌ಬೋರ್ಡಿನಲ್ಲಿ 62ರ ಪಕ್ಕದಲ್ಲಿ 57 ಕಾಣುತ್ತದೆ, ಬಾಣ ಕೆಳಕ್ಕೆ ತಿರುಗುತ್ತದೆ, ಚೌಕ ಕೆಂಪಾಗುತ್ತದೆ. ಆಡಳಿತ ಮಂಡಳಿಯ ಸಭೆಯಲ್ಲಿ ಆ ಶಿಕ್ಷಕಿಯನ್ನು ಕರೆದು ಕಾರಣ ಕೇಳುತ್ತಾರೆ. ಲೆಕ್ಕದಲ್ಲಿ ಒಂದು ಅಂಕಿಯೂ ತಪ್ಪಿಲ್ಲ, ತೀರ್ಮಾನ ಮಾತ್ರ ಪೂರ್ತಿ ತಲೆಕೆಳಗು.

ಈ ತೊಡಕನ್ನು ಗಂಭೀರವಾಗಿ ತೆಗೆದುಕೊಂಡ ವ್ಯವಸ್ಥೆಗಳು ಹೊರಗೆ ಇವೆ. ಅಮೆರಿಕದ ಟೆಕ್ಸಾಸ್ ರಾಜ್ಯ 2017ರಲ್ಲಿ ಕಾನೂನು ಮಾಡಿ ಶಾಲೆಗಳಿಗೆ ಎ ಯಿಂದ ಎಫ್‌ವರೆಗಿನ ಶ್ರೇಣಿ ಕೊಡುವ ಪದ್ಧತಿಗೆ ಈಗಿನ ರೂಪ ಕೊಟ್ಟಿತು. ಶಾಲೆಗಳ ಒಟ್ಟು ಶ್ರೇಣಿ ಮೊದಲು ಪ್ರಕಟವಾದದ್ದು 2019ರಲ್ಲಿ. ಅಲ್ಲಿ ಮೂರು ವಿಭಾಗಗಳಿವೆ. ಮೊದಲನೆಯದು ವಿದ್ಯಾರ್ಥಿ ಸಾಧನೆ, ಅಂದರೆ ಈ ವರ್ಷ ಎಷ್ಟು ಮಕ್ಕಳು ಯಾವ ಮಟ್ಟದಲ್ಲಿದ್ದಾರೆ ಎಂಬುದು. ಎರಡನೆಯದು ಶಾಲೆಯ ಪ್ರಗತಿ. ಮೂರನೆಯದು ವಿದ್ಯಾರ್ಥಿಗಳ ಬೇರೆ ಬೇರೆ ಗುಂಪುಗಳ ನಡುವಿನ ಅಂತರವನ್ನು ತಗ್ಗಿಸುವುದು. ಒಟ್ಟು ಶ್ರೇಣಿಯಲ್ಲಿ ಮೊದಲ ಎರಡರ ಪೈಕಿ ಯಾವುದು ಹೆಚ್ಚೋ ಅದಕ್ಕೆ ಶೇಕಡಾ 70, ಮೂರನೆಯದಕ್ಕೆ ಶೇಕಡಾ 30 ತೂಕ.

ನಮಗೆ ಪಾಠವಿರುವುದು ಆ ಎರಡನೆಯ ವಿಭಾಗದಲ್ಲಿ. ಅದನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಿ, ಹೆಚ್ಚು ಬಂದದ್ದನ್ನು ಹಿಡಿಯುತ್ತಾರೆ. ಒಂದು ರೀತಿಯಲ್ಲಿ ಅದೇ ಮಗುವಿನ ಕಳೆದ ವರ್ಷದ ಹಂತವನ್ನೂ ಈ ವರ್ಷದ ಹಂತವನ್ನೂ ಹೋಲಿಸುತ್ತಾರೆ; ಕೆಳಗಿನ ಹಂತದಿಂದ ಮೇಲೇರಿದ ಮಗು ಇನ್ನೂ ಎಲ್ಲರಿಗಿಂತ ಹಿಂದೆಯೇ ಇದ್ದರೂ ಶಾಲೆಗೆ ಅಂಕ ಸಿಗುತ್ತದೆ, ಮೇಲಿನ ಹಂತದಿಂದ ಜಾರಿದ ಮಗು ಉತ್ತೀರ್ಣವಾಗಿದ್ದರೂ ಸಿಗುವುದಿಲ್ಲ. ಇನ್ನೊಂದು ರೀತಿಯಲ್ಲಿ ಬಡ ಕುಟುಂಬಗಳ ಮಕ್ಕಳ ಪ್ರಮಾಣ ಸರಿಸುಮಾರು ಒಂದೇ ಆಗಿರುವ ಶಾಲೆಗಳನ್ನು ಒಟ್ಟಿಗೆ ಇಟ್ಟು ನೋಡುತ್ತಾರೆ. ಇದನ್ನು ಚಿತ್ರವಾಗಿ ಮನಸ್ಸಿಗೆ ತಂದುಕೊಳ್ಳಿ. ಅಡ್ಡ ಗೆರೆಯ ಉದ್ದಕ್ಕೂ ಬಡ ಮಕ್ಕಳ ಪ್ರಮಾಣ, ಲಂಬ ಗೆರೆಯಲ್ಲಿ ಅಂಕಗಳು; ಪ್ರತಿ ಶಾಲೆಯೂ ಒಂದು ಚುಕ್ಕಿ. ಚುಕ್ಕಿಗಳ ಮೋಡ ಎಡದಿಂದ ಬಲಕ್ಕೆ ಇಳಿಜಾರಾಗಿರುತ್ತದೆ, ಅದರ ನಡುವೆ ಒಂದು ಗೆರೆ ಹಾದುಹೋಗುತ್ತದೆ. ಬಲತುದಿಯಲ್ಲಿದ್ದು ಗೆರೆಗಿಂತ ಮೇಲಿರುವ ಚುಕ್ಕಿಯು ಕಷ್ಟದ ಮಕ್ಕಳನ್ನು ಇಟ್ಟುಕೊಂಡು ಚೆನ್ನಾಗಿ ಕಲಿಸುತ್ತಿರುವ ಶಾಲೆ. ಎಡತುದಿಯಲ್ಲಿದ್ದು ಗೆರೆಗಿಂತ ಕೆಳಗಿರುವ ಚುಕ್ಕಿಯ ಅಂಕ ಅದಕ್ಕಿಂತ ಹೆಚ್ಚಿರಬಹುದು, ಆದರೆ ಅದು ಮನೆಯಲ್ಲೇ ಕಲಿತು ಬಂದ ಮಕ್ಕಳ ಬಲದ ಮೇಲೆ ನಿಂತ ಶಾಲೆ.

ಎರಡರಲ್ಲಿ ಹೆಚ್ಚಿನದನ್ನು ಆರಿಸಿಕೊಳ್ಳುವ ಔದಾರ್ಯ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಸ್ಥಿತಿವಂತರ ಮಕ್ಕಳಿರುವ ಶಾಲೆ ಸಾಧನೆಯ ಹಿಂದೆ ಅಡಗಿಕೊಂಡು ತನ್ನಲ್ಲಿ ಯಾರೂ ಮುಂದೆ ಸಾಗುತ್ತಿಲ್ಲ ಎಂಬುದನ್ನು ಮರೆಮಾಚಬಹುದು. ಬಡ ಮಕ್ಕಳಿರುವ ಶಾಲೆ ಹೋಲಿಕೆಯ ಹಿಂದೆ ಅಡಗಿಕೊಂಡು ‘ನಮ್ಮ ಮಕ್ಕಳಿಗೆ ಇಷ್ಟೇ ಸಾಕು’ ಎಂದು ಕೂತುಬಿಡಬಹುದು. ಪರದೆಯ ಮೇಲೆ ಎರಡೂ ಅಂಕಗಳು ಬೇರೆ ಬೇರೆಯಾಗಿ ಕಾಣುತ್ತಿರಬೇಕು. ಒಟ್ಟು ಶ್ರೇಣಿಯ ಒಂದೇ ಅಕ್ಷರವನ್ನು ನೋಡಿ ಪರದೆ ಮುಚ್ಚಿದವರಿಗೆ ಇದಾವುದೂ ತಿಳಿಯುವುದಿಲ್ಲ.

ಪ್ರಗತಿಯನ್ನು ಅಳೆಯಲು ಆರಂಭದ ಅಳತೆ ಬೇಕೇ ಬೇಕು ಎಂಬುದಕ್ಕೆ ಇಂಗ್ಲೆಂಡಿನ ಅನುಭವವನ್ನು ನೋಡಿ. ಅಲ್ಲಿ 2016ರಿಂದ ‘ಪ್ರೋಗ್ರೆಸ್ 8’ ಎಂಬ ಅಳತೆ ಇದೆ. ಪ್ರಾಥಮಿಕ ಶಾಲೆಯ ಕೊನೆಯಲ್ಲಿ ಮಗು ಪಡೆದ ಅಂಕವನ್ನು ಇಟ್ಟುಕೊಂಡು, ಅಷ್ಟೇ ಅಂಕ ಪಡೆದಿದ್ದ ದೇಶದ ಇತರ ಮಕ್ಕಳಿಗಿಂತ ಅದು 16ನೆಯ ವಯಸ್ಸಿನಲ್ಲಿ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎಂದು ನೋಡುತ್ತಾರೆ. ಕೋವಿಡ್‌ನಿಂದಾಗಿ 2020 ಮತ್ತು 2021ರಲ್ಲಿ ಆ ಪ್ರಾಥಮಿಕ ಪರೀಕ್ಷೆಗಳು ನಡೆಯಲಿಲ್ಲ. ಪರಿಣಾಮವಾಗಿ ಐದು ವರ್ಷಗಳ ನಂತರ, 2024-25 ಮತ್ತು 2025-26ರ ಸಾಲುಗಳಿಗೆ ಈ ಅಳತೆಯನ್ನೇ ಕೊಡಲಾಗದು ಎಂದು ಅಲ್ಲಿನ ಸರ್ಕಾರ ಹೇಳಿತು. ಅಂದಾಜಿನ ಸಂಖ್ಯೆಯಿಂದ ಖಾಲಿ ಚೌಕವನ್ನು ತುಂಬಲಿಲ್ಲ. ಖಾಲಿ ಜಾಗವನ್ನು ಖಾಲಿಯಾಗಿಯೇ ತೋರಿಸುವ ಡ್ಯಾಶ್‌ಬೋರ್ಡಿನ ಮೇಲೆ ನನಗೆ ಹೆಚ್ಚು ವಿಶ್ವಾಸ.

ಅಳತೆಗೋಲೇ ಬದಲಾದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2020-21ರ ಪಿಜಿಐಯಲ್ಲಿ ಮಹಾರಾಷ್ಟ್ರ 1000ಕ್ಕೆ 928 ಅಂಕ ಪಡೆದು, ಕೇರಳ ಮತ್ತು ಪಂಜಾಬಿನ ಜೊತೆ ಮೊದಲ ಸಾಲಿನಲ್ಲಿ ನಿಂತಿತ್ತು. ಮರುವರ್ಷ, 2021-22ರಲ್ಲಿ, ಅದೇ ರಾಜ್ಯ ಇದ್ದದ್ದು 581ರಿಂದ 640ರವರೆಗಿನ ಪ್ರಚೇಷ್ಟಾ-3 ಎಂಬ ಹಂತದಲ್ಲಿ. ಒಂದೇ ವರ್ಷದಲ್ಲಿ ಮಹಾರಾಷ್ಟ್ರದ ಶಾಲೆಗಳು ಕುಸಿದು ಬಿದ್ದವೇ? ಇಲ್ಲ. ಆ ವರ್ಷ ಪಿಜಿಐ 2.0 ಬಂದಿತ್ತು, ಸೂಚಕಗಳು 70ರಿಂದ 73 ಆದವು, ವಿಭಾಗಗಳನ್ನು ಮರುಹೊಂದಿಸಿ ತೂಕವನ್ನು ಬದಲಿಸಲಾಗಿತ್ತು. ಎಲ್ಲರಿಗಿಂತ ಮೇಲಿದ್ದ ಪಂಜಾಬ್ ಮತ್ತು ಚಂಡೀಗಢ ಕೂಡ 700ನ್ನು ದಾಟಲಿಲ್ಲ. ಕಲಿಕೆಯ ಸಮೀಕ್ಷೆಗಳ ಕತೆಯೂ ಇದೇ: 2021ರ ರಾಷ್ಟ್ರೀಯ ಸಾಧನಾ ಸಮೀಕ್ಷೆ ನಡೆದದ್ದು 3, 5, 8 ಮತ್ತು 10ನೆಯ ತರಗತಿಗಳಲ್ಲಿ, 2024ರ ಡಿಸೆಂಬರಿನ ಪರಖ್ ಸಮೀಕ್ಷೆ 3, 6 ಮತ್ತು 9ನೆಯ ತರಗತಿಗಳಲ್ಲಿ. ಟೆಕ್ಸಾಸಿನಲ್ಲಿ 2023ರ ಶ್ರೇಣಿಗಾಗಿ, ಪ್ರೌಢಶಾಲೆ ಮುಗಿಸಿದವರಲ್ಲಿ ಮುಂದಿನ ಓದಿಗೋ ಉದ್ಯೋಗಕ್ಕೋ ಸಿದ್ಧರಾದವರ ಪ್ರಮಾಣದಲ್ಲಿ ‘ಎ’ ಪಡೆಯಲು ಬೇಕಾದ ಗಡಿಯನ್ನು 60ರಿಂದ 88ಕ್ಕೆ ಏರಿಸಿದಾಗ ಅಲ್ಲಿ ಶಾಲೆಗಳನ್ನು ನಡೆಸುವ ಹಲವು ಶಾಲಾ ಜಿಲ್ಲೆಗಳು ನ್ಯಾಯಾಲಯಕ್ಕೆ ಹೋದವು, ಆ ವರ್ಷದ ಶ್ರೇಣಿಗಳು ಹೊರಬಂದದ್ದು 2025ರ ಏಪ್ರಿಲ್‌ನಲ್ಲಿ. ಆದ್ದರಿಂದ ಎರಡು ವರ್ಷಗಳ ಬಾಣವನ್ನು ನೋಡಿದಾಗಲೆಲ್ಲ ಆ ಎರಡು ವರ್ಷಗಳಲ್ಲಿ ಲೆಕ್ಕದ ವಿಧಾನ ಒಂದೇ ಆಗಿತ್ತೇ ಎಂದು ಕೇಳುವುದು ಓದುಗರ ಹಕ್ಕು.

ನಮ್ಮ ಶಾಲೆಗಳಿಗೆ ಇನ್ನೂ ಹತ್ತಿರದ ತೊಂದರೆ ಮಕ್ಕಳ ಕಡಿಮೆ ಸಂಖ್ಯೆ. ಮುಂಬಯಿ ಮಹಾನಗರಪಾಲಿಕೆ ಶಾಲೆ ನಡೆಸುವ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು, ಆದರೆ ಪಾಲಿಕೆಯದಾಗಲಿ ಸಂಸ್ಥೆಗಳದಾಗಲಿ, ಕನ್ನಡ ಮಾಧ್ಯಮದ ತರಗತಿಗಳು ಸಣ್ಣವು. ಹತ್ತನೆಯ ತರಗತಿಯಲ್ಲಿ 14 ಮಕ್ಕಳಿದ್ದರೆ ಒಂದು ಮಗು ಎಂದರೆ ಶೇಕಡಾ ಏಳಕ್ಕಿಂತ ಹೆಚ್ಚು. ಇಬ್ಬರು ಅನುತ್ತೀರ್ಣರಾದರೆ ಫಲಿತಾಂಶ 100ರಿಂದ 86ಕ್ಕೆ ಇಳಿಯುತ್ತದೆ. ಅವರಲ್ಲೊಬ್ಬನಿಗೆ ಪರೀಕ್ಷೆಯ ವಾರ ಕಾಮಾಲೆ ಆಗಿತ್ತು ಎಂಬುದು ಪರದೆಗೆ ಗೊತ್ತಿಲ್ಲ. ಸಾವಿರ ಮಕ್ಕಳ ಶಾಲೆಯಲ್ಲಿ 14 ಅಂಶಗಳ ಕುಸಿತ ದೊಡ್ಡ ಸುದ್ದಿ, 14 ಮಕ್ಕಳ ಶಾಲೆಯಲ್ಲಿ ಅದು ಇಬ್ಬರು ಮಕ್ಕಳ ಹೆಸರು. ಇಂಥ ಕಡೆ ಮೂರು ವರ್ಷಗಳ ಅಂಕಿಗಳನ್ನು ಒಟ್ಟು ಸೇರಿಸಿ ನೋಡಬೇಕು, ಶೇಕಡಾವಾರಿನ ಜೊತೆಗೆ ತಲೆಗಳ ಸಂಖ್ಯೆಯನ್ನೂ ಬರೆಯಬೇಕು.

ಉತ್ತೀರ್ಣತೆಯ ಗಡಿಯೂ ಒಂದು ಮೋಸವನ್ನು ಮಾಡುತ್ತದೆ. 33 ಅಂಕದ ಮಗುವನ್ನು 35ಕ್ಕೆ ಎತ್ತಿದರೆ ಶಾಲೆಯ ಶೇಕಡಾವಾರು ಏರುತ್ತದೆ. ಎಂಟು ಅಂಕದ ಮಗುವನ್ನು 27ಕ್ಕೆ ತಂದ ಶಿಕ್ಷಕರ ದುಡಿಮೆ ಎಲ್ಲಿಯೂ ಕಾಣುವುದಿಲ್ಲ. ಫಲಿತಾಂಶವನ್ನೇ ನೋಡುವ ಮಂಡಳಿಯ ಕೈಕೆಳಗೆ ದುಡಿಯುವ ಶಿಕ್ಷಕರು ಫೆಬ್ರವರಿಯಲ್ಲಿ ಯಾವ ಮಗುವಿನ ಪಕ್ಕ ಕೂರುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಶಾಲೆ ಬಿಟ್ಟವರ ಲೆಕ್ಕ. 2022-23ರಿಂದ ಯುಡೈಸ್ ಪ್ಲಸ್‌ನಲ್ಲಿ ಶಾಲೆಯ ಒಟ್ಟು ಸಂಖ್ಯೆಯ ಬದಲಿಗೆ ಒಂದೊಂದೇ ಮಗುವಿನ ವಿವರ ತುಂಬಲಾಗುತ್ತಿದೆ, ಪ್ರತಿ ಮಗುವಿಗೂ ಪೆನ್ ಎಂಬ ಶಾಶ್ವತ ಸಂಖ್ಯೆಯಿದೆ. ದೇಶದ ಒಟ್ಟು ದಾಖಲಾತಿ 2021-22ರ ಸುಮಾರು 26.5 ಕೋಟಿಯಿಂದ 2022-23ರಲ್ಲಿ ಸುಮಾರು 25.2 ಕೋಟಿಗೆ ಇಳಿದಂತೆ ಕಂಡಾಗಲೂ ಈ ವಿಧಾನದ ಬದಲಾವಣೆಯನ್ನು ಮರೆಯುವಂತಿಲ್ಲ. ಇಲ್ಲಿನ ಕೆಲಸ ಮುಗಿಸಿ ಕುಟುಂಬ ಊರಿಗೆ ಮರಳಿದಾಗ ನಮ್ಮ ಶಾಲೆ ಆ ಮಗುವನ್ನು ಬಿಟ್ಟುಕೊಡುತ್ತದೆ, ಮಗು ‘ಡ್ರಾಪ್ ಬಾಕ್ಸ್’ ಎಂಬ ಪಟ್ಟಿಗೆ ಹೋಗುತ್ತದೆ. ಊರಿನ ಶಾಲೆ ಅದೇ ಪೆನ್ ಸಂಖ್ಯೆಯಿಂದ ಅದನ್ನು ತನ್ನ ಕಡೆಗೆ ಎಳೆದುಕೊಳ್ಳುವವರೆಗೂ ಅದು ಅಲ್ಲೇ ಕೂತಿರುತ್ತದೆ. ಊರಿನ ಶಾಲೆಯಲ್ಲಿ ಬೆಂಚಿನ ಮೇಲೆ ಕುಳಿತು ಮಗ್ಗಿ ಒಪ್ಪಿಸುತ್ತಿರುವ ಮಗು ಇಲ್ಲಿನ ಪರದೆಯಲ್ಲಿ ಶಾಲೆ ಬಿಟ್ಟ ಮಗುವಾಗಿ ಕಾಣಬಹುದು. ವರ್ಗಾವಣೆ ಪ್ರಮಾಣಪತ್ರದ ಮೇಲೆ ಪೆನ್ ಸಂಖ್ಯೆಯನ್ನು ದೊಡ್ಡದಾಗಿ ಬರೆದುಕೊಟ್ಟು, ಆ ಊರಿನ ಮುಖ್ಯಾಧ್ಯಾಪಕರಿಗೆ ಒಂದು ಫೋನ್ ಮಾಡುವುದರಿಂದ ಈ ಅಂಕಿ ಎಷ್ಟೋ ಸರಿಹೋಗುತ್ತದೆ.

ಹಾಗಾದರೆ ನಾವು ಮಾಡಬಹುದಾದದ್ದು ಏನು? ದುಬಾರಿ ಸಾಫ್ಟ್‌ವೇರ್ ಬೇಡ, ಒಂದು ಎಕ್ಸೆಲ್ ಹಾಳೆ ಸಾಕು. ಮಗುವಿನ ಪೆನ್ ಸಂಖ್ಯೆ, ಶಾಲೆಗೆ ಸೇರಿದ ದಿನಾಂಕ, ಹಾಜರಿ, ಮತ್ತು ಜೂನ್, ನವೆಂಬರ್, ಮಾರ್ಚ್ ತಿಂಗಳ ಮೂರು ಅಳತೆಗಳು. ಅಳೆಯಬೇಕಾದದ್ದು ಕೆಲವೇ ಕೌಶಲಗಳನ್ನು: ಕನ್ನಡದ ಒಂದು ಪರಿಚ್ಛೇದವನ್ನು ಓದಿ ಅರ್ಥ ಹೇಳುವುದು, ದಶಕ ತೆಗೆದುಕೊಂಡು ಕಳೆಯುವುದು, ಭಾಗಾಕಾರ. ಪ್ರಶ್ನೆಗಳು ಮೂರು ಬಾರಿಯೂ ಒಂದೇ ಮಟ್ಟದವಾಗಿರಲಿ. ಸರಾಸರಿ ತೆಗೆಯುವಾಗ ವರ್ಷವಿಡೀ ಇದ್ದ ಮಕ್ಕಳನ್ನೂ ನಡುವೆ ಬಂದವರನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿ, ಬಿಟ್ಟುಹೋದವರ ಕೊನೆಯ ಅಳತೆಯನ್ನು ಅಳಿಸಬೇಡಿ. ದೀಪಾವಳಿಯ ನಂತರ ಕಟ್ಟಡದ ಸೈಟು ಬದಲಾದಾಗ ಬರುವ ಮಕ್ಕಳಿಗೆ ಸೇರಿದ ಎರಡು ವಾರದೊಳಗೇ ಆರಂಭದ ಅಳತೆ ಆಗಬೇಕು. ಇಲ್ಲವಾದರೆ ಮಾರ್ಚ್‌ನಲ್ಲಿ ಅವರ ಅಂಕವನ್ನು ಹೋಲಿಸಲು ಏನೂ ಇರುವುದಿಲ್ಲ. ಹತ್ತಕ್ಕಿಂತ ಕಡಿಮೆ ಮಕ್ಕಳ ಗುಂಪಿನ ಅಂಕಿಗಳನ್ನು ನೋಟಿಸ್ ಬೋರ್ಡಿನಲ್ಲಿ ಹಾಕಬೇಡಿ, ಹೆಸರಿಲ್ಲದಿದ್ದರೂ ಯಾರ ಮಗು ಎಂದು ಚಾಳಿನವರಿಗೆಲ್ಲ ತಿಳಿದುಬಿಡುತ್ತದೆ.

ಈ ಹಾಳೆಯನ್ನು ತುಂಬುವ ಕೆಲಸ ಕೊನೆಗೆ ವರ್ಗಶಿಕ್ಷಕರ ತಲೆಗೇ ಬರುತ್ತದೆ. ಅವರು ಆಗಲೇ ಯುಡೈಸ್, ಆಧಾರ್, ಊಟದ ಲೆಕ್ಕ ಎಂದು ಮೊಬೈಲ್ ಹಿಡಿದು ಕೂತಿರುತ್ತಾರೆ. ಆದ್ದರಿಂದ ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ಜೂನ್‌ಗೆ ಮೊದಲು ವಾರಕ್ಕೆ ಎರಡು ಅರ್ಧ ದಿನ ಬಂದು ಅಂಕಿಗಳನ್ನು ಹಾಕುವ ಒಬ್ಬ ಗುಮಾಸ್ತರನ್ನು ಗೊತ್ತುಮಾಡಿ, ಶಿಕ್ಷಕರು ಕಾಗದದ ಮೇಲೆ ಬರೆದುಕೊಟ್ಟರೆ ಸಾಕು ಎಂಬ ಏರ್ಪಾಡು ಇರಲಿ.