ಡಾಕ್ಟರ್ ಬರೆದ ಚೀಟಿ, ಸಾಹೇಬರ ಹುಕುಂ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ನನ್ನ ಜೊತೆಯ ಮಾಜಿ ಸೈನಿಕರು ಕೂತಿದ್ದೀರಿ. ಹಿಂದೆ ಅಗ್ನಿವೀರರಾಗಿ ಹೊರಟಿರುವ ಹುಡುಗರು, ಅವರ ಅಪ್ಪ ಅಮ್ಮ ಇದ್ದಾರೆ. ಇವತ್ತು ನಾನು ಮುಖ್ಯವಾಗಿ ಮಾತಾಡುತ್ತಿರುವುದು ಆ ಹುಡುಗರ ಹತ್ತಿರ.

ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ಪಲ್ಟನ್ನಿನ ಎಂ.ಐ. ರೂಮಿನಲ್ಲಿ, ಅಂದರೆ ರೋಗಿಗಳನ್ನು ನೋಡುವ ಕೋಣೆಯಲ್ಲಿ, ವರ್ಷಗಟ್ಟಲೆ ಕೂತಿದ್ದೇನೆ. ಬೆಳಗ್ಗೆ ಸಿಕ್ ರಿಪೋರ್ಟಿಗೆ ಹುಡುಗರು ಸಾಲಾಗಿ ಬರುತ್ತಾರೆ. ಡಾಕ್ಟರ್ ಸಾಹೇಬರು ನೋಡಿ ಬರೆಯುತ್ತಾರೆ. ಮಾತ್ರೆ ತಗೊಂಡು ಡ್ಯೂಟಿಗೆ ಹೋಗು ಅಂದರೆ 'ಎಂ ಅಂಡ್ ಡಿ'. ಪೆರೇಡ್, ಪಿ.ಟಿ. ಬೇಡ, ಹಗುರ ಕೆಲಸ ಸಾಕು ಅಂದರೆ 'ಅಟೆಂಡ್ ಸಿ'. ಬ್ಯಾರಕ್ಕಿನಲ್ಲೇ ಮಲಗಿರು ಅಂದರೆ 'ಅಟೆಂಡ್ ಬಿ'. ನೋವು ಅಷ್ಟಕ್ಕೇ ಹೋಗದಿದ್ದರೆ ಮೆಡಿಕಲ್ ಬೋರ್ಡ್, ಅಂದರೆ ಡಾಕ್ಟರುಗಳ ಸಮಿತಿ. ಅಲ್ಲಿ ಶೇಪ್ ಅನ್ನುವ ಐದು ಅಕ್ಷರದ ಲೆಕ್ಕ. ಎಸ್ ಅಂದರೆ ಮನಸ್ಸು, ಎಚ್ ಕಿವಿ, ಎ ಕೈಕಾಲು, ಪಿ ದೇಹದ ಕಸುವು, ಇ ಕಣ್ಣು. ಎಲ್ಲದರಲ್ಲೂ 1 ಇದ್ದವನು ಶೇಪ್-1. ಅಂಕಿ ಏರಿದರೆ ಆರೋಗ್ಯ ಇಳಿದ ಹಾಗೆ, ಅದಕ್ಕೆ ನಾವು 'ಕೆಟಗರಿ ಬಿತ್ತು' ಅನ್ನುತ್ತಿದ್ದೆವು.

ಈಗ ಪ್ರಶ್ನೆ. ಡಾಕ್ಟರ್ 'ಇವನು ಓಡಬಾರದು' ಅಂತ ಬರೆದಿದ್ದಾರೆ. ಕಮಾಂಡರ್ 'ಓಡು' ಅನ್ನುತ್ತಾರೆ. ಯಾರ ಮಾತು ನಡೆಯಬೇಕು?

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು, ಪಲ್ಟನ್ ಬೇಡ. ವಾಲಿಬಾಲ್ ಆಡುವಾಗ ಮೊಣಕಾಲು ತಿರುಚಿಕೊಂಡಿದ್ದ. ಬೋರ್ಡ್ ಅವನಿಗೆ ಎ3, ಟಿ-24 ಕೊಟ್ಟಿತ್ತು. ಟಿ ಅಂದರೆ ತಾತ್ಕಾಲಿಕ, 24 ಅಂದರೆ 24 ವಾರ. ಓಡಬಾರದು, ಹಾರಬಾರದು, ಭಾರ ಹೊರಬಾರದು ಅಂತ ಬರೆದಿತ್ತು. ಎಂಟನೇ ವಾರಕ್ಕೆ ಕಂಪನಿಯ ಬಿ.ಪಿ.ಇ.ಟಿ., ಅಂದರೆ ದೇಹದ ಕಸುವಿನ ಪರೀಕ್ಷೆ, ಬಂತು. ಬೆನ್ನಿಗೆ ಸಾಮಾನು, ಕೈಯಲ್ಲಿ ರೈಫಲ್, 5 ಕಿಲೋಮೀಟರ್ ಓಟ. ಆ ಹುಡುಗ ಕಾಗದವನ್ನು ನಾಲ್ಕಾಗಿ ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡೇ ಮೈದಾನಕ್ಕೆ ಹೋಗಿದ್ದ. ತೋರಿಸಿದ. 'ಕಾಲು ನಿಂದಾ, ಕಾಗದದ್ದಾ?' ಅಂತ ಓಡಿಸುತ್ತಿದ್ದವರು ಕೇಳಿದರಂತೆ. ಸುತ್ತ ನಿಂತವರು ನಕ್ಕರು. ಇಪ್ಪತ್ತೆರಡು ವರ್ಷದವನು, ಆ ನಗು ತಡೆಯಲಾಗಲಿಲ್ಲ. ಓಡಿದ.

ಅವನನ್ನು ಸ್ಟ್ರೆಚರ್ ಮೇಲೆ ತಂದಾಗ ಮೊಣಕಾಲು ತೆಂಗಿನಕಾಯಿ ಗಾತ್ರ ಆಗಿತ್ತು. ಪ್ಯಾಂಟ್ ಕತ್ತರಿಸಿದ್ದು ನಾನೇ. ಜೇಬಿನ ಕಾಗದ ಬೆವರಿಗೆ ಒದ್ದೆಯಾಗಿ, ಮಡಿಕೆ ಬಿದ್ದಲ್ಲೆಲ್ಲ ಶಾಯಿ ಹರಡಿತ್ತು. 24 ಅನ್ನುವ ಅಂಕಿ ಮಾತ್ರ ಓದುವಂತಿತ್ತು. ಅವನ ಕೆಟಗರಿ ಆಮೇಲೆ ಮೇಲೆ ಏರಲೇ ಇಲ್ಲ.

ಅವತ್ತು ಓಡಿಸಿದವರು ಕೆಟ್ಟವರು ಅಂತ ನಾನು ಹೇಳಲ್ಲ. ಅವರಿಗೂ ಮೇಲಿಂದ ಒತ್ತಡ ಇತ್ತು. ಕಂಪನಿಯ ರಿಸಲ್ಟ್ ಬೇಕು, ಗಾರ್ಡ್ ಡ್ಯೂಟಿಗೆ ಜನ ಸಾಲದು. ಸುಳ್ಳು ಕಾಯಿಲೆ ಹೇಳುವವರೂ ಇದ್ದಾರೆ, ನಾನೇ ನೋಡಿದ್ದೇನೆ. ಆದರೆ ಅದಕ್ಕೆ ಕಾನೂನಿನಲ್ಲೇ ದಾರಿ ಇದೆ. 1950ರ ಆರ್ಮಿ ಆಕ್ಟ್‌ನ 46ನೇ ಸೆಕ್ಷನ್ ಪ್ರಕಾರ ಕಾಯಿಲೆಯ ನಾಟಕ ಮಾಡಿದವನಿಗೆ 7 ವರ್ಷದವರೆಗೆ ಜೈಲಾಗಬಹುದು. ಅನುಮಾನ ಬಂದರೆ ಕಮಾಂಡರ್ ಅವನನ್ನು ಮತ್ತೆ ಡಾಕ್ಟರ ಹತ್ತಿರ ಕಳಿಸಲಿ. ಬೇರೆ ಸ್ಪೆಷಲಿಸ್ಟ್ ನೋಡಲಿ. ಮೈದಾನದಲ್ಲಿ ನಿಂತುಕೊಂಡು ತಾನೇ ಡಾಕ್ಟರ್ ಆಗುವುದು ಬೇಡ.

ಅಚ್ಚರಿ ಏನು ಗೊತ್ತಾ? ದೇಹದ ಮಾತು ಕೇಳುವುದು ನಮ್ಮ ಸೈನ್ಯಕ್ಕೆ ಚೆನ್ನಾಗಿ ಗೊತ್ತು. ಲಡಾಖ್‌ಗೆ ಹೋದವರನ್ನು ಕೇಳಿ. 9,000 ಅಡಿ ದಾಟಿದ ಮೇಲೆ ದೇಹ ಎತ್ತರಕ್ಕೆ ಒಗ್ಗಲು ಮೊದಲ ಹಂತದಲ್ಲಿ 6 ದಿನ ನಿಲ್ಲಬೇಕು. 12,000 ದಾಟಿದರೆ ಇನ್ನೂ 4 ದಿನ. 15,000 ದಾಟಿದರೆ ಮತ್ತೆ 4. ಮೊದಲೆರಡು ದಿನ ಬರೀ ವಿಶ್ರಾಂತಿ. ಸಾಮಾನ್ಯ ದಿನಗಳಲ್ಲಿ ಯಾವ ಕಮಾಂಡರೂ ಇದನ್ನು 'ಸೋಮಾರಿತನ' ಅನ್ನುವುದಿಲ್ಲ.

ಈ ಪಾಠಕ್ಕೆ ತೆತ್ತ ಬೆಲೆ ದೊಡ್ಡದು. 1962ರ ಅಕ್ಟೋಬರ್‌ನಲ್ಲಿ, ಚೀನಾ ಯುದ್ಧದ ಹೊತ್ತಿಗೆ, ಬಯಲಿನಿಂದ ಬಂದ ಪಡೆಗಳನ್ನು ಅವಸರದಲ್ಲಿ ಈಗಿನ ಅರುಣಾಚಲದ ಗಡಿಯ ನಮ್ಕಾ ಚು ಹೊಳೆಯ ಕಡೆಗೆ ಹತ್ತಿಸಿದರು. ಬೆಚ್ಚಗಿನ ಬಟ್ಟೆ ಇಲ್ಲ, ಎತ್ತರಕ್ಕೆ ಒಗ್ಗಿಕೊಳ್ಳಲು ಸಮಯ ಇಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿ ಸೈನಿಕರು ಸತ್ತರು. ಕೋರ್ ಕಮಾಂಡರ್ ಆಗಿದ್ದ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ ಅವರೇ ಅಲ್ಲಿ ಕಾಯಿಲೆ ಬಿದ್ದು ದಿಲ್ಲಿಗೆ ಹೋಗಬೇಕಾಯಿತು. ಎತ್ತರಕ್ಕೆ ರ‍್ಯಾಂಕ್ ಗೊತ್ತಾಗಲ್ಲ, ಅಲ್ವಾ? ಆಮೇಲೆ ನಮ್ಮ ಸೈನ್ಯದ ಡಾಕ್ಟರುಗಳು ಎತ್ತರದ ಕಾಯಿಲೆ ಬಂದ 1,925 ಸೈನಿಕರನ್ನು ಗಮನಿಸಿ 1969ರಲ್ಲಿ ಬರೆದ ವರದಿಯನ್ನು ಇವತ್ತಿಗೂ ಪ್ರಪಂಚದ ಎಲ್ಲೆಡೆ ಓದುತ್ತಾರೆ.

ಹಾಗಾದರೆ ಶ್ವಾಸಕೋಶದ ಮಿತಿಗೆ ತಲೆಬಾಗುವವರು ಮೊಣಕಾಲಿನ ಮಿತಿಗೆ ಯಾಕೆ ಬಾಗಲ್ಲ? ನನಗೆ ತೋಚುವ ಉತ್ತರ ಇಷ್ಟೇ. ಶ್ವಾಸಕೋಶ ಒಂದೇ ರಾತ್ರಿಯಲ್ಲಿ ಕೊಲ್ಲುತ್ತದೆ, ಕಮಾಂಡರ್ ಕಣ್ಣೆದುರಿಗೇ. ಮೊಣಕಾಲು ಕೈಕೊಡುವುದು ಇಪ್ಪತ್ತು ವರ್ಷ ಆದಮೇಲೆ, ಊರಿನಲ್ಲಿ, ಬಸ್ಸಿನ ಮೆಟ್ಟಿಲ ಹತ್ತಿರ. ಅದನ್ನು ನೋಡುವವರು ಹೆಂಡತಿ ಮಕ್ಕಳು.

ಮನಸ್ಸಿನ ಗಾಯ ಅಂತೂ ಯಾರ ಕಣ್ಣಿಗೂ ಬೀಳಲ್ಲ. 1943ರ ಆಗಸ್ಟ್‌ನಲ್ಲಿ ಸಿಸಿಲಿಯಲ್ಲಿ ಅಮೆರಿಕದ ಜನರಲ್ ಪ್ಯಾಟನ್ ಒಂದೇ ವಾರದಲ್ಲಿ ಎರಡು ಆಸ್ಪತ್ರೆಗಳಲ್ಲಿ ಇಬ್ಬರು ಸೈನಿಕರಿಗೆ ಹೊಡೆದರು. ಅವರಿಬ್ಬರೂ ಹೇಡಿಗಳು ಅನ್ನುವುದು ಪ್ಯಾಟನ್ ತೀರ್ಮಾನ. ಮೊದಲನೆಯವನಿಗೆ ಮಲೇರಿಯಾ ಇತ್ತು ಅಂತ ಆಮೇಲೆ ಗೊತ್ತಾಯಿತು. ಪ್ಯಾಟನ್‌ರ ಮೇಲಧಿಕಾರಿ ಐಸೆನ್‌ಹೋವರ್ ಕಟುವಾದ ಪತ್ರ ಬರೆದು, ಕ್ಷಮೆ ಕೇಳಲು ಹೇಳಿದರು. ನಮ್ಮಲ್ಲೂ 'ಇವನ ಕೈಗೆ ಆಯುಧ ಕೊಡಬೇಡಿ' ಅಂತ ಡಾಕ್ಟರ್ ಬರೆದಿದ್ದನ್ನು ಬದಿಗಿಟ್ಟು ರಾತ್ರಿ ಗಾರ್ಡಿಗೆ ನಿಲ್ಲಿಸಿದರೆ, ಅಪಾಯ ಅವನೊಬ್ಬನಿಗೇ ಅಲ್ಲ. ಪಕ್ಕದ ಮಂಚದಲ್ಲಿ ಮಲಗಿದವನಿಗೂ ಇದೆ.

ಯುದ್ಧದಲ್ಲಿ ಏನು ಮಾಡುವುದು ಅಂತ ನೀವು ಕೇಳಬಹುದು. ಶತ್ರು ಬಂಕರ್ ಬಾಗಿಲಿಗೆ ಬಂದಾಗ ಎ3, ಎ1 ಅಂತ ಯಾರೂ ನೋಡಲ್ಲ, ನೋಡಲೂಬಾರದು. ಕುಂಟುವವನೂ ರೈಫಲ್ ಹಿಡಿಯುತ್ತಾನೆ. ಆ ಹೊತ್ತಿನಲ್ಲಿ ಮಿತಿ ದಾಟುವ ತೀರ್ಮಾನ ಕಮಾಂಡರದ್ದು, ಅದರ ಹೊಣೆಯೂ ಅವರದ್ದೇ. ಆದರೆ ಬಿ.ಪಿ.ಇ.ಟಿ. ಯುದ್ಧವಲ್ಲ. ಶಾಂತಿಕಾಲದಲ್ಲಿ ಬೋರ್ಡ್ ಗೆರೆ ಎಳೆಯುತ್ತದೆ. ಆ ಗೆರೆಯ ಒಳಗೆ ಸ್ಟೋರ್ ಕೆಲಸ ಕೊಡಬೇಕಾ, ಟೆಲಿಫೋನ್ ಡ್ಯೂಟಿ ಕೊಡಬೇಕಾ, ಕ್ಲಾಸ್ ತೆಗೆದುಕೊಳ್ಳಲು ಹೇಳಬೇಕಾ ಅನ್ನುವುದು ಕಮಾಂಡರ ಅಧಿಕಾರ. ಆ ಅಧಿಕಾರ ಸಣ್ಣದೇನಲ್ಲ. ಕೆಟಗರಿ ಬಿದ್ದವರನ್ನು ಮನೆಗೆ ಕಳಿಸುವ ವಿಷಯದಲ್ಲೂ ಕೋರ್ಟು ಹೀಗೇ ಹೇಳಿದೆ. ನಾಯಬ್ ಸುಬೇದಾರ್ ರಾಜ್‌ಪಾಲ್ ಸಿಂಗ್ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ಕಾಯಂ ಕೆಳ ಕೆಟಗರಿಯವರನ್ನು ಇನ್‌ವ್ಯಾಲಿಡಿಂಗ್ ಬೋರ್ಡ್, ಅಂದರೆ ಸೇವೆಗೆ ದೇಹ ಯೋಗ್ಯವಲ್ಲ ಅಂತ ತೀರ್ಮಾನಿಸುವ ಡಾಕ್ಟರುಗಳ ಬೋರ್ಡ್, ಇಲ್ಲದೆ ಬಿಡುಗಡೆ ಮಾಡುವಂತಿಲ್ಲ ಅಂದಿತು. ದೇಹದ ವಿಷಯ ಡಾಕ್ಟರುಗಳ ಬೋರ್ಡ್ ಮುಂದೆಯೇ ಬರಬೇಕು.

ಅಗ್ನಿವೀರರೇ, ನಿಮಗೆ 4 ವರ್ಷ. ಕೊನೆಗೆ ಉಳಿಯುವವರು ಹೆಚ್ಚೆಂದರೆ ಶೇಕಡಾ 25. ಹಾಗಾಗಿ ನೋವು ಮುಚ್ಚಿಡುವ ಆಸೆ ನಿಮಗೆ ಜಾಸ್ತಿ ಇರುತ್ತದೆ, ನನಗೆ ಅರ್ಥವಾಗುತ್ತದೆ. ಮುಚ್ಚಿಡಬೇಡಿ. ಸಿಕ್ ರಿಪೋರ್ಟ್ ಪುಸ್ತಕದಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ, ನಾಳೆ ಆ ನೋವು ಡ್ಯೂಟಿಯಲ್ಲಿ ಬಂದಿದ್ದು ಅಂತ ತೋರಿಸುವುದು ಕಷ್ಟ. ಬೋರ್ಡ್ ಕಾಗದದ ಒಂದು ಪ್ರತಿ ಮನೆಗೆ ಕಳಿಸಿ. ಮಿತಿ ಮೀರಿದ ಕೆಲಸ ಹೇಳಿದರೆ ಜಗಳ ಮಾಡಬೇಡಿ. 'ಸಾಬ್, ಡಾಕ್ಟರ್ ಸಾಬ್ ಹೀಗೆ ಬರೆದಿದ್ದಾರೆ, ಒಮ್ಮೆ ಅವರ ಜೊತೆ ಮಾತಾಡಿ' ಅನ್ನಿ. ಆಗಲೂ ಆಗದಿದ್ದರೆ ಆರ್ಮಿ ಆಕ್ಟ್‌ನ 27ನೇ ಸೆಕ್ಷನ್ ಕೆಳಗೆ ದೂರು ಕೊಡುವ ಹಕ್ಕು ನಿಮಗಿದೆ.

ನಾನೂ ಅವತ್ತು ಒಂದು ಫೋನ್ ಮಾಡಬಹುದಿತ್ತು. ಬಿ.ಪಿ.ಇ.ಟಿ. ಇದೆ ಅಂತ ಹಿಂದಿನ ಸಂಜೆಯೇ ಗೊತ್ತಿತ್ತು. ಆ ಹುಡುಗನ ಹೆಸರೂ ನನ್ನ ಪುಸ್ತಕದಲ್ಲಿತ್ತು. ಮಾಡಲಿಲ್ಲ.

ಈ ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಮನೆಯಲ್ಲಿ ಯಾರದ್ದಾದರೂ ಬೋರ್ಡ್ ಪೇಪರ್ ಇದ್ದರೆ ತನ್ನಿ, ಒಟ್ಟಿಗೆ ಕೂತು ಓದೋಣ.