ಗೋಳಗುಚ್ಛದ ಗಾಳಿ ಎಲ್ಲಿ ಹೋಯಿತು?

ಹಿರಿಯರಿಗೆ ನಮಸ್ಕಾರ. ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯಿಂದೆಲ್ಲ ಬಂದಿದ್ದೀರಿ, ಮಕ್ಕಳೂ ಜಾಸ್ತಿ ಇದ್ದಾರೆ, ತುಂಬ ಸಂತೋಷ.

ಮಳೆಗಾಲ ಹಿಡಿಯುವ ಮೊದಲು, ಮೇ ತಿಂಗಳಲ್ಲಿ ರಾತ್ರಿ ಹತ್ತು ಗಂಟೆ ಸುಮಾರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ನಮ್ಮ ಕಾಸರಗೋಡಿನಿಂದ ಸುಮಾರು 30 ಡಿಗ್ರಿ ಎತ್ತರದಲ್ಲಿ ಮಸುಕಾದ ಒಂದು ಚುಕ್ಕಿ ಕಾಣುತ್ತದೆ. ಬೈನಾಕ್ಯುಲರ್ ಹಿಡಿದರೆ ಅದು ದುಂಡಗಿನ ಬೆಳಕಿನ ಉಂಡೆ. ಅದೇ ಒಮೇಗಾ ಸೆಂಟಾರಿ. ಸುಮಾರು 17,000 ಜ್ಯೋತಿರ್ವರ್ಷ ದೂರದಲ್ಲಿರುವ, ಲಕ್ಷಗಟ್ಟಲೆ ನಕ್ಷತ್ರಗಳು ಒತ್ತೊತ್ತಾಗಿ ಸೇರಿಕೊಂಡ ಗೋಳಗುಚ್ಛ. ನಮ್ಮ ಆಕಾಶಗಂಗೆಯಲ್ಲಿ ಇಂಥವು 150ಕ್ಕೂ ಜಾಸ್ತಿ ಇವೆ, ಹೆಚ್ಚಿನವು ಸಾವಿರ ಕೋಟಿ ವರ್ಷಕ್ಕಿಂತ ಹಳೆಯವು.

ಹಳೆಯ ನಕ್ಷತ್ರ ಅಂದರೆ ಅದು ಉಬ್ಬಿ ಕೆಂಪು ದೈತ್ಯ ಆಗುತ್ತದೆ, ಮೈಯ ಹೊರಪದರವನ್ನು ಅನಿಲದ ಗಾಳಿಯಾಗಿ, ದೂಳಾಗಿ ಬಿಡುತ್ತದೆ. ಆ ಗಾಳಿಯ ವೇಗ ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್. ದೊಡ್ಡ ಗುಚ್ಛದ ಹಿಡಿತ ಬಿಡಿಸಿಕೊಳ್ಳಲು ಅದು ಸಾಲದು. ಹಾಗಾದರೆ ಅಲ್ಲೇ ಉಳಿಯಬೇಕು, ಅಲ್ವಾ? ಗುಚ್ಛ ಆಕಾಶಗಂಗೆಯ ಚಪ್ಪಟೆ ತಟ್ಟೆಯನ್ನು ದಾಟುವಾಗ ಅಲ್ಲಿನ ಅನಿಲಕ್ಕೆ ಸಿಕ್ಕಿ ಎಲ್ಲ ಗುಡಿಸಿ ಹೋಗುತ್ತದೆ, ಸರಿ. ಆದರೆ ಒಂದು ದಾಟುವಿಕೆಯಿಂದ ಇನ್ನೊಂದಕ್ಕೆ ಹತ್ತು ಕೋಟಿ ವರ್ಷದಷ್ಟು ಸಮಯ ಇದೆ. ಅಷ್ಟರಲ್ಲಿ ಹತ್ತಾರು ಸೂರ್ಯರಷ್ಟು ಅನಿಲ ಸೇರಬೇಕಿತ್ತು. ಹುಡುಕಿದವರಿಗೆ ದಶಕಗಳ ಕಾಲ ಏನೂ ಸಿಗಲಿಲ್ಲ.

ಕೊನೆಗೆ ಸಿಕ್ಕಿದ ರೀತಿ ನನಗೆ ಬಹಳ ಇಷ್ಟ. 47 ಟುಕಾನೆ ಅಂತ ಒಂದು ಗುಚ್ಛ. ಅದರೊಳಗೆ ಗಿರಗಿರನೆ ತಿರುಗುವ ಸತ್ತ ನಕ್ಷತ್ರಗಳಾದ ಪಲ್ಸಾರ್‌ಗಳು ಬಹಳ, ಗಡಿಯಾರದ ಹಾಗೆ ಸರಿಯಾಗಿ ರೇಡಿಯೋ ಮಿಡಿತ ಕಳಿಸುತ್ತವೆ. ದಾರಿಯಲ್ಲಿ ಬಿಸಿ ಅನಿಲದ ಬಿಡಿ ಎಲೆಕ್ಟ್ರಾನ್‌ಗಳು ಸಿಕ್ಕಿದರೆ ಉದ್ದದ ಅಲೆಗಳು ಸ್ವಲ್ಪ ತಡವಾಗಿ ಬರುತ್ತವೆ. ಇನ್ನು ಯಾವ ಪಲ್ಸಾರ್ ಹಿಂದಿದೆ, ಯಾವುದು ಮುಂದಿದೆ ಅಂತ ತಿಳಿಯುವುದು ಹೇಗೆ? ಹಿಂದೆ ಇರುವುದನ್ನು ಗುಚ್ಛದ ಸೆಳೆತ ನಮ್ಮ ಕಡೆಗೆ ಎಳೆಯುತ್ತದೆ, ಮುಂದಿರುವುದನ್ನು ಆಚೆಗೆ, ಆ ಎಳೆತ ಮಿಡಿತದ ಲೆಕ್ಕದಲ್ಲೇ ಗೊತ್ತಾಗುತ್ತದೆ. ಹಿಂದಿನವುಗಳ ಅಲೆ ಜಾಸ್ತಿ ತಡ! ಅಂದರೆ ನಡುವೆ ಅನಿಲ ಇದೆ. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ಈ ಕೆಲಸ ಆಯಿತು, 2001ರಲ್ಲಿ ಫಲಿತಾಂಶ ಬಂತು. ಇದ್ದದ್ದು ಸೂರ್ಯನ ಹತ್ತನೇ ಒಂದು ಭಾಗದಷ್ಟು ಮಾತ್ರ.

ಉಳಿದದ್ದನ್ನು ಓಡಿಸಿದ್ದು ಯಾರು? ನನಗೆ ಒಪ್ಪಿಗೆಯಾಗುವ ಉತ್ತರ ಶ್ವೇತಕುಬ್ಜಗಳು. ದೈತ್ಯರು ಸತ್ತ ಮೇಲೆ ಉಳಿಯುವ ಬಿಸಿ ತಿರುಳು ಅದು. ಅದರ ನೇರಳಾತೀತ ಬೆಳಕು ಅನಿಲವನ್ನು 10,000 ಡಿಗ್ರಿಯ ಹತ್ತಿರಕ್ಕೆ ಕಾಯಿಸುತ್ತದೆ, ಕಾದ ಅನಿಲ ಹಿಗ್ಗಿ ಗುಚ್ಛದಿಂದ ಹೊರಗೆ ಹರಿಯುತ್ತದೆ. ಸತ್ತ ನಕ್ಷತ್ರ ಅಂತ ಸುಮ್ನೆ ಬಿಡುವ ಹಾಗಿಲ್ಲ ನೋಡಿ.

ದೂಳಿನ ಕಥೆ ಚಿಕ್ಕದು. ಈ ನಕ್ಷತ್ರಗಳಲ್ಲಿ ಕಬ್ಬಿಣ, ಸಿಲಿಕಾನ್ ಬಹಳ ಕಡಿಮೆ, ದೂಳಾಗಲು ಸಾಮಗ್ರಿಯೇ ಇಲ್ಲ. ಆದರೂ ಎಂ15 ಗುಚ್ಛದಲ್ಲಿ ಸ್ಪಿಟ್ಜರ್ ದೂರದರ್ಶಕಕ್ಕೆ ದೂಳು ಕಂಡಿತು, ಸುಮಾರು ಒಂದು ಗುರುಗ್ರಹದ ತೂಕದಷ್ಟು. ಕಬ್ಬಿಣ ಸೂರ್ಯನಲ್ಲಿರುವುದರ ನೂರನೇ ಒಂದು ಭಾಗವೂ ಇಲ್ಲದ ಗುಚ್ಛದಲ್ಲಿ! ಅಕ್ಟೋಬರಿನಲ್ಲಿ ಮಳೆ ಬಿಟ್ಟರೆ ಅದನ್ನೂ ಬೈನಾಕ್ಯುಲರಿನಲ್ಲಿ ನೋಡಬಹುದು. ಮಕ್ಕಳೇ, ಈಗ ನಿಮ್ಮ ಪ್ರಶ್ನೆ ಕೇಳಿ.