ಮೊದಲು ವಿವರ, ಆಮೇಲೆ ಸ್ಕ್ಯಾನ್

ಕೇಳುಗರಿಗೆಲ್ಲ ನಮಸ್ಕಾರ.

ಜಿಲ್ಲಾ ವಸ್ತುಸಂಗ್ರಹಾಲಯದ ಸಿಬ್ಬಂದಿ, ಮಠದ ಗ್ರಂಥಭಂಡಾರ ನೋಡಿಕೊಳ್ಳುವವರು, ಕಾಲೇಜಿನ ಲೈಬ್ರರಿಯವರು, ಪತ್ರಿಕಾ ಕಚೇರಿಯಲ್ಲಿ ಹಳೆಯ ಫೋಟೊ ಬೀರುವಿನ ಬೀಗದ ಕೈ ಇಟ್ಟುಕೊಂಡವರು, ನೀವೆಲ್ಲ ಕೇಳುತ್ತಿದ್ದೀರಿ ಎಂದುಕೊಂಡೇ ಮಾತಾಡುತ್ತೇನೆ. ನಿಮ್ಮಂಥವರಿಗಾಗಿ ಅಲ್ಲಲ್ಲಿ ನಡೆಯುವ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ಏನು ಕಲಿಯಬೇಕು, ಏನು ಕಲಿಸಬೇಕು ಎನ್ನುವುದು ಇವತ್ತಿನ ವಿಷಯ. ನಾನು ಹೇಳುವುದು ಒಂದೇ ಮಾತು. ಸ್ಕ್ಯಾನರಿನ ಮುಚ್ಚಳ ಎತ್ತುವ ಮೊದಲು ವಿವರ ಬರೆಯಿರಿ. ಇದು ಏನು, ಎಲ್ಲಿಯದು, ಯಾವಾಗಿನದು, ತೆಗೆದವರು ಯಾರು. ಈ ನಾಲ್ಕು ಬರೆಯದೆ ಹತ್ತು ಸಾವಿರ ಫೋಟೊ ಸ್ಕ್ಯಾನ್ ಮಾಡಿದರೆ, ಬೀರುವಿನಲ್ಲಿ ಗುರುತಿಲ್ಲದೆ ಬಿದ್ದಿದ್ದ ಫೋಟೊಗಳು ಹಾರ್ಡ್ ಡಿಸ್ಕಿನಲ್ಲಿ ಗುರುತಿಲ್ಲದೆ ಬಿದ್ದಿರುತ್ತವೆ, ಅಷ್ಟೆ.

ಕಾರ್ಯಾಗಾರ ಎಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಯಾವ ಸ್ಕ್ಯಾನರ್ ಕೊಳ್ಳಬೇಕು ಎಂದು. ಅದು ಎರಡನೇ ದಿನದ ಪ್ರಶ್ನೆ. ಮೊದಲನೇ ದಿನ ಸ್ಕ್ಯಾನರಿನ ಪ್ಲಗ್ ಕೂಡ ಹಾಕಬಾರದು ಎನ್ನುವುದು ನನ್ನ ಪಕ್ಕಾ ಅಭಿಪ್ರಾಯ.

ಯಾಕೆ ಎನ್ನುವುದಕ್ಕೆ ಹಂಪಿಯ ಕಲ್ಲಿನ ರಥವನ್ನೇ ನೋಡಿ. ವಿಜಯವಿಠ್ಠಲ ದೇವಸ್ಥಾನದ ಅಂಗಳದಲ್ಲಿರುವುದು. 50 ರೂಪಾಯಿಯ ಹೊಸ ನೋಟು ಜೇಬಿನಲ್ಲಿದ್ದರೆ ಹಿಂಬದಿ ತಿರುಗಿಸಿ, ಅಲ್ಲಿದೆ. ರಥದ ತಲೆಯ ಮೇಲೆ ಏನೂ ಇಲ್ಲ, ಕಲ್ಲಿನ ಚಾವಣಿಗೇ ಮುಗಿಯುತ್ತದೆ. ರಥ ಇದ್ದದ್ದೇ ಹೀಗೆ ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯಲ್ಲಿ ಫೋಟೊ ತೆಗೆದ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸು ಸೇನೆಯವನು. ಆಗ ಫಿಲ್ಮ್ ಇರಲಿಲ್ಲ. ಕಾಗದಕ್ಕೆ ಮೇಣ ಹಚ್ಚಿ, ಬೆಳ್ಳಿಯ ಲವಣ ಲೇಪಿಸಿ, ಅದನ್ನು ದೊಡ್ಡ ಮರದ ಕ್ಯಾಮೆರಾದೊಳಗಿಟ್ಟು, ಬಿಸಿಲಿನಲ್ಲಿ ನಿಮಿಷಗಟ್ಟಲೆ ತೆರೆದಿಡಬೇಕಿತ್ತು. ಆ ಕಾಗದವೇ ನೆಗೆಟಿವ್. ಅವನು ತೆಗೆದ ಕಲ್ಲಿನ ರಥದ ಚಿತ್ರದಲ್ಲಿ ಚಾವಣಿಯ ಮೇಲೆ ಇಟ್ಟಿಗೆಯ ಗೋಪುರ ನಿಂತಿದೆ! ಈಗ ಅದರ ಒಂದು ಇಟ್ಟಿಗೆಯೂ ಅಲ್ಲಿಲ್ಲ. ಹಂಪಿಗೆ ಹೋಗಿ ರಥದ ಸುತ್ತ ಎಷ್ಟು ಸುತ್ತಿದರೂ ಆ ಗೋಪುರ ಹೇಗಿತ್ತು ಎಂದು ಗೊತ್ತಾಗುವುದಿಲ್ಲ. ಆ ಚಿತ್ರದಿಂದ ಗೊತ್ತಾಗುತ್ತದೆ.

ಈ ನೆಗೆಟಿವ್‌ಗಳು ದಶಕಗಳ ಕಾಲ ಯಾರ ಕಣ್ಣಿಗೂ ಬೀಳದೆ ಇದ್ದವು. ಬೆಳಕಿಗೆ ಬಂದ ಮೇಲೆ, 1980ರ ದಶಕದಲ್ಲಿ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗ ಹುಡುಕಿ, ಅದೇ ಕೋನದಿಂದ ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಎಲ್ಲಿ ಏನು ಬಿದ್ದಿದೆ, ಏನು ಹೋಗಿದೆ, ಏನನ್ನು ಎತ್ತಿ ನಿಲ್ಲಿಸಿದ್ದಾರೆ, ಎಲ್ಲ ಕಾಣುತ್ತದೆ. ಇದು ಸಾಧ್ಯವಾದದ್ದು ಹೇಗೆ? ಸ್ಥಳ ಗೊತ್ತಿತ್ತು, ವರ್ಷ ಗೊತ್ತಿತ್ತು, ತೆಗೆದವನ ಹೆಸರು ಗೊತ್ತಿತ್ತು. 1856 ಎಂಬ ನಾಲ್ಕು ಅಂಕಿ ಹೋಗಿದ್ದರೆ ಉಳಿಯುತ್ತಿದ್ದದ್ದು ಒಂದು ಚೆಂದದ ಹಳೆಯ ಚಿತ್ರ ಮಾತ್ರ. ಗೋಪುರ ಯಾವ ಕಾಲದವರೆಗೆ ಇತ್ತು ಎಂದು ಅದರಿಂದ ಹೇಳಲು ಆಗುತ್ತಿರಲಿಲ್ಲ.

ಇದೇ ರಥವನ್ನು ಇಟ್ಟುಕೊಂಡು ಇನ್ನೊಂದು ಪಾಠ ಕಲಿಸಬಹುದು. ಗ್ರೀನ್‌ಲಾ ಚಿತ್ರದ ಒಂದು ಸ್ಕ್ಯಾನ್ ಫೈಲ್ ನಿಮ್ಮ ಕೈಗೆ ಬಂತು ಅನ್ನಿ. ಪಟ್ಟಿಯಲ್ಲಿ ದಿನಾಂಕ ಎಂಬ ಕಾಲಂ ಇದೆ. ಏನು ಬರೆಯುತ್ತೀರಿ? ರಥ 16ನೇ ಶತಮಾನದ್ದು. ಫೋಟೊ 1856ರದ್ದು. ಸ್ಕ್ಯಾನ್ ಮಾಡಿದ್ದು ಹೋದ ವಾರ. ಮೂರೂ ಸರಿ, ಆದರೆ ಒಂದೇ ಕಾಲಂನಲ್ಲಿ ಮೂರನ್ನೂ ತುರುಕಿದರೆ ಮೂರೂ ಕೆಡುತ್ತವೆ. ಆದ್ದರಿಂದ ವಸ್ತುವಿಗೆ ಬೇರೆ ದಾಖಲೆ, ಅದರ ಚಿತ್ರಕ್ಕೆ ಬೇರೆ ದಾಖಲೆ. ಅಮೆರಿಕದಲ್ಲಿ ವಿಷುವಲ್ ರಿಸೋರ್ಸಸ್ ಅಸೋಸಿಯೇಷನ್ ಎಂಬ, ಚಿತ್ರಸಂಗ್ರಹ ನೋಡಿಕೊಳ್ಳುವ ವೃತ್ತಿಪರರ ಸಂಘವಿದೆ. ಅವರು ರೂಪಿಸಿದ ವಿಆರ್‌ಎ ಕೋರ್ ಎಂಬ ವಿವರ ಬರೆಯುವ ಮಾದರಿಯ ಬೆನ್ನೆಲುಬೇ ಇದು. ಕೃತಿ ಬೇರೆ, ಚಿತ್ರ ಬೇರೆ, ಎರಡಕ್ಕೂ ನಡುವೆ ಒಂದು ಕೊಂಡಿ. ಅದೇ ಸಂಘದ ಪ್ರತಿಷ್ಠಾನ ಪ್ರಾದೇಶಿಕ ಕಾರ್ಯಾಗಾರಗಳನ್ನು ನಡೆಸಿದೆ. ಕಲಿಸುವವರೇ ಆಯಾ ಪ್ರದೇಶದ ಸಂಸ್ಥೆಗಳಿಗೆ ಹೋಗುತ್ತಿದ್ದರು. ನಮಗೂ ಬೇಕಾದದ್ದು ಅಂಥದ್ದೇ. ಹಾವೇರಿಯ ಲೈಬ್ರರಿಯವರು ಇಂಥದ್ದು ಕಲಿಯಲು ದೆಹಲಿಗೆ ಯಾಕೆ ಹೋಗಬೇಕು?

ನಮ್ಮಲ್ಲಿ ತೀರಾ ಸಾಮಾನ್ಯವಾದ ತಪ್ಪು ಈ ದಿನಾಂಕದ್ದೇ. ಕ್ಯಾಮೆರಾ ಅಥವಾ ಸ್ಕ್ಯಾನರ್ ಫೈಲಿನೊಳಗೆ ತಾನೇ ಒಂದು ದಿನಾಂಕ ಬರೆದಿಡುತ್ತದೆ. ಅದು ಫೈಲ್ ಹುಟ್ಟಿದ ದಿನ. ಅದನ್ನೇ ಫೋಟೊದ ದಿನಾಂಕ ಎಂದು ಪಟ್ಟಿಗೆ ಇಳಿಸಿಬಿಡುತ್ತಾರೆ. ಆಗ ಏಕೀಕರಣದ ಮೆರವಣಿಗೆ 2019ರಲ್ಲಿ ನಡೆದಂತಾಗುತ್ತದೆ. ಸರಿಯಾದ ವರ್ಷ ಗೊತ್ತಿಲ್ಲದಿದ್ದರೆ ಸುಮಾರು 1965 ಎಂದು ಬರೆಯಿರಿ, ಪಕ್ಕದಲ್ಲಿ ಯಾಕೆ ಎಂದೂ ಬರೆಯಿರಿ. ಫೋಟೊದ ಹಿಂದೆ ಸ್ಟುಡಿಯೊ ಸೀಲು ಇದೆಯಾ? ಹಿನ್ನೆಲೆಯಲ್ಲಿ ಸಿನಿಮಾ ಪೋಸ್ಟರ್ ಕಾಣುತ್ತದಾ? ಕಚೇರಿ ಬೋರ್ಡಿನಲ್ಲಿ ಮೈಸೂರು ರಾಜ್ಯ ಎಂದಿದ್ದರೆ ಆ ಬೋರ್ಡ್ ಬರೆಸಿದ್ದು 1973ರ ನವೆಂಬರ್ 1ಕ್ಕಿಂತ ಮೊದಲು. ಕಾರಣ ಬರೆದಿಟ್ಟರೆ ಮುಂದೆ ಬರುವವರು ಅದನ್ನು ಒಪ್ಪಬಹುದು, ತಿದ್ದಲೂಬಹುದು.

ಜಾಗದ ವಿಷಯಕ್ಕೆ ಬಂದರೆ, ಬರೀ ಹೊಸಹಳ್ಳಿ ಎಂದು ಬರೆದು ಬಿಡಬೇಡಿ, ದಯವಿಟ್ಟು. ಕರ್ನಾಟಕದಲ್ಲಿ ಎಷ್ಟು ಹೊಸಹಳ್ಳಿಗಳಿವೆ! ಊರು, ತಾಲ್ಲೂಕು, ಜಿಲ್ಲೆ, ಮೂರೂ ಬೇಕು, ಮೂರೂ ಬೇರೆ ಬೇರೆ ಕಾಲಂಗಳಲ್ಲಿ. ಜಿಲ್ಲೆ ಬದಲಾಗಿದ್ದರೆ ಹಳೆಯದನ್ನೂ ಬರೆಯಿರಿ. ಹಂಪಿ 2021ರವರೆಗೆ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ಹಾವೇರಿ 1997ರವರೆಗೆ ಧಾರವಾಡ ಜಿಲ್ಲೆಯಲ್ಲಿತ್ತು. ಒಬ್ಬರು ಹಳೇಬೀಡು, ಇನ್ನೊಬ್ಬರು ಹಳೆಬೀಡು, ಮತ್ತೊಬ್ಬರು ಅದೇ ಊರಿನ ಹಳೆಯ ಹೆಸರು ದೋರಸಮುದ್ರ ಎಂದು ಬರೆದರೆ ಹುಡುಕುವವರಿಗೆ ಮೂರನೇ ಒಂದು ಭಾಗ ಮಾತ್ರ ಸಿಗುತ್ತದೆ. ಒಂದು ರೂಪವನ್ನು ಒಪ್ಪಿಕೊಂಡು ಗೋಡೆಗೆ ಅಂಟಿಸಿಕೊಳ್ಳಿ, ಉಳಿದವನ್ನು ಪರ್ಯಾಯ ಹೆಸರು ಎಂಬ ಕಾಲಂಗೆ ಹಾಕಿ.

ಕನ್ನಡದಲ್ಲಿ ಬರೆಯುವಾಗ ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ, ಹುಡುಕಿದರೂ ಸಿಗುವುದಿಲ್ಲ. ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಆಯ್ಕೆ ಇದೆ. ಮೊದಲು ಅದನ್ನು ಆರಿಸಿ, ಆಮೇಲೆ ಟೈಪ್ ಮಾಡಿ. ಹಳೆಯ ಪಟ್ಟಿಯನ್ನು ಪರಿವರ್ತಕದಲ್ಲಿ ಹಾಕಿ ಬದಲಾಯಿಸಿಕೊಳ್ಳಬಹುದು, ಆದರೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ನೋಡಬೇಕು.

ಇಷ್ಟೆಲ್ಲ ಎಕ್ಸೆಲ್ ಪಟ್ಟಿಯಲ್ಲಿ ಬರೆದಾಯಿತು. ಸಾಲದು! ಪಟ್ಟಿ ಒಂದು ಕಡೆ, ಫೋಟೊ ಇನ್ನೊಂದು ಕಡೆ ಹೋಗುತ್ತದೆ. ವಿವರ ಫೈಲಿನ ಒಳಗೇ ಕೂರಬೇಕು. ಅದಕ್ಕೆ ಐಪಿಟಿಸಿ ಎಂಬ ನಿಗದಿತ ಖಾನೆಗಳಿವೆ: ಶೀರ್ಷಿಕೆ, ವಿವರಣೆ, ತೆಗೆದವರು, ದಿನಾಂಕ, ಸ್ಥಳ, ಹಕ್ಕುಸ್ವಾಮ್ಯ. ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶ ಸಾಕು. ನೂರು ಫೋಟೊ ಒಟ್ಟಿಗೆ ಆರಿಸಿ ಸಂಸ್ಥೆಯ ಹೆಸರು, ಹಕ್ಕು, ಜಿಲ್ಲೆ ಇವನ್ನು ಒಂದೇ ಸಲ ತುಂಬಿ, ಉಳಿದದ್ದನ್ನು ಒಂದೊಂದಾಗಿ ತುಂಬಿ. ಆದರೆ ಆ ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ವಿವರವನ್ನು ಫೈಲಿಗೆ ಬರೆಯುವ ಆಯ್ಕೆ ಆನ್ ಆಗಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ವಿವರ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಫೈಲ್ ಬರಿಗೈಯಲ್ಲಿ ಹೊರಡುತ್ತದೆ. ಇನ್ನು ವಾಟ್ಸಾಪ್. ಫೋಟೊ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಒಳಗಿನ ವಿವರವನ್ನೂ ಕಿತ್ತುಹಾಕುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಹಾಗೇ ತಲುಪುತ್ತದೆ. ಇದೊಂದನ್ನು ಕಲಿತು ಹೋದರೂ ಕಾರ್ಯಾಗಾರದ ಬಸ್ ಚಾರ್ಜು ಹುಟ್ಟಿದಂತೆ.

ಸಮಯ ಆಗುತ್ತಾ ಬಂತು, ಸ್ಕ್ಯಾನಿಂಗ್ ವಿಷಯ ಬೇಗ ಹೇಳಿಬಿಡುತ್ತೇನೆ. ಪ್ರಿಂಟ್ ಫೋಟೊಗೆ 600 ಪಿಪಿಐ, ಅಂದರೆ ಇಂಚಿಗೆ 600 ಚುಕ್ಕಿ, ಬಣ್ಣದ ಮೋಡ್, ಗುಣಮಟ್ಟ ಕಳೆಯದ ಟಿಫ್ ಫೈಲ್. ಕಪ್ಪು ಬಿಳುಪಿನದ್ದಕ್ಕೂ ಬಣ್ಣದ ಮೋಡೇ ಇರಲಿ, ಹಳದಿ ತಿರುಗಿದ್ದು, ಕಲೆಯಾದದ್ದು ಅದರಲ್ಲೇ ದಾಖಲಾಗುವುದು. ನಾಲ್ಕು ಇಂಚು ಆರು ಇಂಚಿನ ಫೋಟೊ ಹೀಗೆ ಸುಮಾರು 26 ಎಂಬಿ ಆಗುತ್ತದೆ, ಸಾವಿರ ಫೋಟೊಗೆ 26 ಜಿಬಿ. ಸ್ಕ್ಯಾನರಿನ ಶಾರ್ಪನಿಂಗ್, ಧೂಳು ಅಳಿಸುವುದು, ಬಣ್ಣ ತಿದ್ದುವುದು, ಎಲ್ಲ ಆಫ್. ತಿದ್ದುವುದಿದ್ದರೆ ಪ್ರತಿಯಲ್ಲಿ ತಿದ್ದಿ. ಫೈಲಿನ ಹೆಸರಿಗೆ ಸಂಸ್ಥೆಯ ಮೂರು ಇಂಗ್ಲಿಷ್ ಅಕ್ಷರ, ಅಂಡರ್‌ಸ್ಕೋರ್, ನಾಲ್ಕಂಕಿಯ ಸಂಖ್ಯೆ. ಒಂದು ಎಂದು ಬರೆಯದೆ ಸೊನ್ನೆ ಸೊನ್ನೆ ಸೊನ್ನೆ ಒಂದು ಎಂದು ಬರೆಯಿರಿ, ಇಲ್ಲದಿದ್ದರೆ ಎಷ್ಟೋ ಕಡೆ ಹತ್ತನೆಯದು ಎರಡನೆಯದಕ್ಕಿಂತ ಮುಂದೆ ಬಂದು ಕೂರುತ್ತದೆ. ಅದೇ ಸಂಖ್ಯೆ ಫೋಟೊ ಇಟ್ಟ ಲಕೋಟೆಯ ಮೇಲೂ ಇರಲಿ. ಲಕೋಟೆಯ ಮೇಲೆ ಬರೆದಾದ ಮೇಲೆ ಫೋಟೊ ಒಳಗಿಡಿ. ಒಳಗಿಟ್ಟು ಬರೆದರೆ ಪೆನ್ಸಿಲಿನ ಒತ್ತು ಚಿತ್ರದ ಮೇಲೆ ಮೂಡುತ್ತದೆ. ಬಾಲ್ ಪೆನ್ ಮುಟ್ಟಲೇಬೇಡಿ, ಆ ಶಾಯಿ ಕೆಳಗಿನ ಫೋಟೊಗೆ ಅಂಟುತ್ತದೆ.

ಪ್ರತಿಗಳು ಮೂರು. ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಮೂರರಲ್ಲಿ ಒಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ. ಹಳೆಯ ನೆಗೆಟಿವ್ ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಫಿಲ್ಮ್ ಕೊಳೆಯುತ್ತಿದೆ ಎಂದರ್ಥ, ಅದನ್ನು ಉಳಿದವುಗಳಿಂದ ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡಿ. ಅಲ್ಲೂ ಮೊದಲು ವಿವರ ಬರೆದೇ!

ಕೊನೆಯದಾಗಿ ಕಾರ್ಯಾಗಾರ ಏರ್ಪಡಿಸುವವರಿಗೆ. 16 ಜನ ಸಾಕು, ನಾಲ್ಕು ಮೇಜು, ಮೇಜಿಗೊಂದು ಸ್ಕ್ಯಾನರ್. 80 ಜನರನ್ನು ಸಭಾಂಗಣದಲ್ಲಿ ಕೂರಿಸಿ ಸ್ಲೈಡ್ ತೋರಿಸಿದರೆ ಯಾರ ಕೈಯೂ ಪಳಗುವುದಿಲ್ಲ. ಉದ್ಘಾಟನೆ, ಹಾರ, ಸ್ಮರಣಿಕೆ ಇವಕ್ಕೆ ಮೊದಲ ಅರ್ಧ ದಿನ ಕೊಡಬೇಡಿ, ವಿವರ ಬರೆಯುವ ಅಭ್ಯಾಸಕ್ಕೆ ಬೇಕಾದ ಹೊತ್ತೇ ಅದು. ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವಿನಂತಿ: ದಿನಾ ಆ ಬೀರು ತೆರೆಯುವವರನ್ನೇ ಕಳಿಸಿ, ಇಬ್ಬರನ್ನು ಕಳಿಸಿ, ಒಬ್ಬರಿಗೆ ವರ್ಗವಾದರೂ ಇನ್ನೊಬ್ಬರು ಇರುತ್ತಾರೆ.

ಹೋಗುವವರು ನಿಮ್ಮ ಸಂಗ್ರಹದಿಂದ ಎರಡು ಪ್ರತಿ ಇರುವಂಥ 20 ಫೋಟೊ, ದಾಖಲೆ ರಿಜಿಸ್ಟರಿನ ಆ ಪುಟಗಳ ಜೆರಾಕ್ಸ್, ಒಂದು 4ಬಿ ಪೆನ್ಸಿಲ್, ಒಂದು ಖಾಲಿ ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ. ಆ 20ರಲ್ಲಿ ಯಾರು, ಎಲ್ಲಿ ಎಂದು ಗೊತ್ತಿಲ್ಲದವು ಇದ್ದರೆ ಹೊರಡುವ ಮೊದಲೇ ನಿಮ್ಮ ಕಚೇರಿಯ ನಿವೃತ್ತ ಸಿಬ್ಬಂದಿಗೆ ತೋರಿಸಿ, ಅವರು ಹೇಳಿದ್ದನ್ನು ಅವರ ಹೆಸರಿನ ಸಮೇತ ಬರೆದುಕೊಳ್ಳಿ.

ನಮಸ್ಕಾರ.